ನಾನು ಕಾಸಿದ ಮರಿಗಳು

ನಾನು ಒಂದು ಬಲ್ಬು. ಈಗ ಅಂಗಡಿಯಲ್ಲಿ ಸಿಗುವ ಬಿಳಿ ಬೆಳಕಿನ ಎಲ್‌ಇಡಿ ಜಾತಿಯದಲ್ಲ. ಗಾಜಿನ ಗುಂಡು ಹೊಟ್ಟೆ, ಹಿತ್ತಾಳೆಯ ಟೊಪ್ಪಿಗೆ, ಒಳಗೆ ಕೂದಲಿಗಿಂತ ತೆಳ್ಳಗಿನ ತಂತಿ ಇರುವ ಹಳೆಯ ಕಾಲದ ನೂರು ಕ್ಯಾಂಡಲ್ಲಿನ ಬಲ್ಬು. ಬೇರೆ ವಸ್ತುಗಳು ತಮ್ಮ ಯಜಮಾನರನ್ನು ಕೆಳಗಿನಿಂದ ನೋಡುತ್ತವೆ. ಚಪ್ಪಲಿಗೆ ಅಂಗಾಲು ಗೊತ್ತು. ಕುರ್ಚಿಗೆ ಏನು ಗೊತ್ತೆಂದು ನಾನು ಹೇಳಬೇಕಾಗಿಲ್ಲ. ನಾನು ಮಾತ್ರ ಬಹಳ ಕಾಲ ಮೇಲಿನಿಂದಲೇ ನೋಡಿದ್ದೇನೆ. ಯಾರ ನೆತ್ತಿ ಯಾವಾಗ ಬೋಳಾಯಿತು, ಯಾರು ಬೈತಲೆ ಸೊಟ್ಟ ತೆಗೆದಿದ್ದಾರೆ ಎಂಬುದನ್ನೆಲ್ಲ ನನ್ನನ್ನು ಕೇಳಿ.

ನಾನು ಹುಟ್ಟಿದ್ದು ಬೆಂಕಿಯಲ್ಲಿ. ಕರಗಿದ ಗಾಜಿಗೆ ಗಾಳಿ ಊದಿ ನನ್ನ ಹೊಟ್ಟೆ ಮಾಡಿದರು, ಆಮೇಲೆ ಆ ಗಾಳಿಯನ್ನೆಲ್ಲ ಹೀರಿ ಹೊರಗೆ ತೆಗೆದರು. ಕೊಟ್ಟದ್ದನ್ನು ಮರಳಿ ಕಸಿದುಕೊಳ್ಳುವ ಲೋಕರೂಢಿ ನನಗೆ ಹುಟ್ಟಿದ ದಿನವೇ ತಿಳಿದುಹೋಯಿತು. ತಂತಿ ಕೂರಿಸಿ, ಟೊಪ್ಪಿಗೆ ತೊಡಿಸಿ, ರಟ್ಟಿನ ಅಂಗಿ ಹಾಕಿ ಲಾರಿ ಹತ್ತಿಸಿದರು. ಇಳಿದದ್ದು ಗುಳೇದಗುಡ್ಡದ ಬಜಾರಿನಲ್ಲಿ. ಬಲ್ಬು ಕೊಳ್ಳುವವರ ಎದುರಿಗೇ ಹಚ್ಚಿ ತೋರಿಸುವುದು ಅಂಗಡಿಯವನ ಪದ್ಧತಿ. ಅವನು ನನ್ನನ್ನು ಹೋಲ್ಡರಿಗೆ ತಿರುವಿ ಒಂದು ಸಲ ಹಚ್ಚಿ ಆರಿಸಿದ. ನಾನು ಮೊದಲ ಸಲ ಕಣ್ಣು ಬಿಟ್ಟದ್ದು ಹಾಗೆ, ಒಂದು ಎವೆ ಬಡಿಯುವಷ್ಟು ಹೊತ್ತು.

ನನ್ನನ್ನು ಕೊಂಡವನು ಬಸ್ ನಿಲ್ದಾಣದ ಬಳಿ ಮಿರ್ಚಿ ಭಜಿ ಗಾಡಿ ಇಟ್ಟಿದ್ದ ಕೊಟ್ರಪ್ಪ. ಸಂಜೆಯಾದರೆ ನನ್ನ ಕೆಳಗೆ ಎಣ್ಣೆ ಕುದಿಯುತ್ತಿತ್ತು, ಸುತ್ತ ಜನ ಮುಗಿಬೀಳುತ್ತಿದ್ದರು. ಆದರೆ ನನ್ನನ್ನು ಕಂಡರೆ ಜನರಿಗಿಂತ ಹೆಚ್ಚು ಪ್ರೀತಿ ಹುಳಗಳಿಗೆ. ಅವು ನನಗೆ ಮುತ್ತಿಕ್ಕಲು ಬಂದು ರೆಕ್ಕೆ ಸುಟ್ಟುಕೊಂಡು ಕಡಲೆಹಿಟ್ಟಿನ ಬೋಗುಣಿಗೆ ಬಿದ್ದರೆ ಬೈಗುಳ ಮಾತ್ರ ನನಗೆ. ಕೊನೆಗೆ ಕೊಟ್ರಪ್ಪ ಟ್ಯೂಬ್‌ಲೈಟ್ ಹಾಕಿಸಿಕೊಂಡ. ಮಿರ್ಚಿ ತಿನ್ನಲು ಬಂದಿದ್ದ ನೇಕಾರ ಮುರಿಗೆಪ್ಪ ತನ್ನ ಮಗ್ಗದ ಬಲ್ಬು ಹೋಗಿದೆ ಎಂದು ಮಾತಿಗೆ ಹೇಳಿದ್ದೇ ತಡ, ಇದನ್ನು ಒಯ್ಯಿ ಎಂದು ನನ್ನನ್ನು ಎಣ್ಣೆ ಜಿಡ್ಡಿನ ಸಮೇತ ಅವನ ಕೈಗೆ ಕೊಟ್ಟುಬಿಟ್ಟ.

ಮುರಿಗೆಪ್ಪ ನೇಯುತ್ತಿದ್ದುದು ಖಣ, ಅಂದರೆ ನಮ್ಮ ಕಡೆಯ ಹೆಂಗಸರ ಕುಬಸದ ಬಟ್ಟೆ. ಅವನದು ಕುಣಿಮಗ್ಗ. ನೆಲದಲ್ಲಿ ಮೊಣಕಾಲುದ್ದದ ಕುಣಿ ತೋಡಿ, ಅದರ ಅಂಚಿನಲ್ಲಿ ಕೂತು, ಕಾಲು ಕೆಳಗೆ ಬಿಟ್ಟು ನೇಯಬೇಕು. ನಾನು ಅವನ ನೆತ್ತಿಯ ಮೇಲೆ ಒಂದು ಮೊಳ ಎತ್ತರದಲ್ಲಿ ತೂಗುತ್ತಿದ್ದೆ. ಎಳೆ ಕಡಿದರೆ ಹುಡುಕಿಕೊಡುವುದು ನನ್ನ ಕೆಲಸ. ಅದನ್ನು ನಾನು ನಿಯತ್ತಾಗಿ ಮಾಡಿದೆ. ಆದರೂ ಬೇಸಿಗೆ ಬಂತೆಂದರೆ ಮುರಿಗೆಪ್ಪ ನೆತ್ತಿ ಒರೆಸಿಕೊಳ್ಳುತ್ತ, ಬೆಳಕು ಕೊಡು ಅಂದರೆ ಇದು ಬೆಂಕಿ ಕೊಡುತ್ತದೆ ಎಂದು ಗೊಣಗುತ್ತಿದ್ದ. ನನಗೆ ಆ ಮಾತು ಬಹಳ ನಾಟುತ್ತಿತ್ತು. ಕಾವು ನನ್ನ ಹುಟ್ಟುಗುಣ. ಅದನ್ನು ಬಿಟ್ಟು ಬರೀ ಬೆಳಕು ಕೊಡಲು ನನಗೆ ಬರುವುದಿಲ್ಲ.

ನನ್ನ ಜೊತೆಗಾರರು ವರ್ಷ ತುಂಬುವುದರೊಳಗೆ ಸುಟ್ಟುಹೋದರೂ ನಾನು ಬಾಳಿದ್ದಕ್ಕೆ ನಮ್ಮ ಓಣಿಯ ಬಡಕಲು ಕರೆಂಟೇ ಕಾರಣ. ಅಲ್ಲಿಗೆ ಬರುವ ಹೊತ್ತಿಗೆ ಅದರ ಜೀವ ಅರ್ಧ ಹೋಗಿರುತ್ತಿತ್ತು. ನಾನೂ ಅರೆಹೊಟ್ಟೆ ಉಂಡವರ ಹಾಗೆ ಹಳದಿಯಾಗಿ, ನಿಧಾನವಾಗಿ ಉರಿಯುತ್ತಿದ್ದೆ. ಮಿತವಾಗಿ ಉಂಡವರಿಗೆ ಆಯಸ್ಸು ಹೆಚ್ಚಂತೆ.

ಆ ಮನೆಯಲ್ಲಿ ನನಗಿಂತ ಹೆಸರುವಾಸಿಯಾದವಳು ಮುರಿಗೆಪ್ಪನ ತಾಯಿ ಸಾವಂತ್ರೆವ್ವ. ಅವಳ ಕೆಲಸ ಕೂಸುಗಳಿಗೆ ಎರೆಯುವುದು. ಓಣಿಯಲ್ಲಿ ಹೆರಿಗೆಯಾಯಿತೆಂದರೆ ಬೆಳಗ್ಗೆ ಎಣ್ಣೆ ಬಟ್ಟಲು ಹಿಡಿದು ಹೊರಡುವಳು. ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವಿ ನೀರು ಹಾಕುವಳು. ತಲೆ ದುಂಡಗೆ ಮಾಡುವಳು, ಮೂಗು ತೀಡುವಳು. ಆಮೇಲೆ ಬಾಣಂತಿಯ ಹೊರಸಿನ ಕೆಳಗೆ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡ ಇಟ್ಟು ತಾಯಿ ಮಗು ಇಬ್ಬರನ್ನೂ ಕಾಸುವಳು. ಎರೆಯುವುದು ಅರ್ಧ ಕೆಲಸ, ಕಾಸುವುದು ಇನ್ನರ್ಧ ಎನ್ನುತ್ತಿದ್ದಳು. ಅವಳ ಕೈಗುಣ ದೊಡ್ಡದೆಂದು ಊರಲ್ಲಿ ಮಾತಿತ್ತು. ದಾರಿಯಲ್ಲಿ ಮೀಸೆ ಹೊತ್ತ ಗಂಡಸರು ಎದುರಾದರೆ, ಈ ಮೂಗು ನಾನು ತೀಡಿದ್ದು ಎಂದು ಎಲ್ಲರೆದುರು ಹೇಳಿ ಅವರನ್ನು ನಾಚಿಸುತ್ತಿದ್ದಳು.

ನಾವಿಬ್ಬರೂ ಮೂಲೆ ಸೇರಿದ್ದು ಒಂದೇ ವರ್ಷ. ಮನೆಗೆ ಎಲ್‌ಇಡಿ ಬಲ್ಬುಗಳು ಬಂದವು. ಹಾಲಿನಂಥ ಬೆಳಕು, ತಣ್ಣಗಿನ ಮೈ, ಕರೆಂಟು ತಿನ್ನುವುದೂ ಕಡಿಮೆ ಎಂದು ಎಲ್ಲರೂ ಕೊಂಡಾಡಿದರು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುರಿಗೆಪ್ಪ ನನ್ನನ್ನು ಖಣದ ತುಂಡಿನಲ್ಲಿ ಸುತ್ತಿ ಮಗ್ಗದ ಹಿಂದಿನ ಗೂಡಿನಲ್ಲಿಟ್ಟ. ಅದೇ ವರ್ಷ ಸಾವಂತ್ರೆವ್ವನ ಮೊಮ್ಮಗಳು ಬಾಗಲಕೋಟೆಯಲ್ಲಿ ಹಡೆದಳು. ಮುದುಕಿ ಎಣ್ಣೆ ಕಾಸಿಕೊಂಡು ಬಸ್ಸು ಹತ್ತಿ ಹೋದರೆ, ಕೂಸಿನ ಮೂಗಿಗೆ ಕಿವಿಗೆ ಎಣ್ಣೆ ಬಿಡಬೇಡಿ, ಹೊಗೆ ಹಾಕಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರಂತೆ. ಅವರು ಹೇಳಿದ್ದು ತಪ್ಪೇನಲ್ಲ. ಆದರೆ ಬೀಗರ ಮನೆಯವರು ಕೂಸನ್ನು ಅವಳ ತೊಡೆಗೂ ಕೊಡಲಿಲ್ಲ. ತುಂಬಿದ ಎಣ್ಣೆ ಬಾಟಲಿಯನ್ನು ಹಾಗೇ ಮರಳಿ ತಂದಳು. ಓಣಿಯವರೂ ಒಬ್ಬೊಬ್ಬರಾಗಿ ಕರೆಯುವುದನ್ನು ಬಿಟ್ಟರು. ಅಂದಿನಿಂದ ಅವಳು ಮುಂಬಾಗಿಲ ಕಟ್ಟೆಯ ಮೇಲೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂರತೊಡಗಿದಳು.

ಹೀಗಿರುವಾಗ ಮನೆಗೆ ಕೋಳಿಮರಿ ಬಂದವು.

ತಂದವಳು ಮುರಿಗೆಪ್ಪನ ಹೆಂಡತಿ ದಾಕ್ಷಾಯಣಿ. ಮಹಿಳಾ ಸಂಘಕ್ಕೆ ಪಶು ಆಸ್ಪತ್ರೆಯವರು ಮರಿ ಹಂಚಿದ್ದರು. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಕೋಳಿ ಸಾಕಿದವರಿಲ್ಲ. ಯಾಕೆ ತಂದೆ ಎಂದು ಗಂಡ ಕೇಳಿದ್ದಕ್ಕೆ, ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ ಎಂದಳು. ರಟ್ಟಿನ ಪೆಟ್ಟಿಗೆಯ ತುಂಬ ಹತ್ತಿಯುಂಡೆಗಳು ಚಿಂವ್ ಚಿಂವ್ ಎನ್ನುತ್ತಿದ್ದವು. ಯಂತ್ರದಲ್ಲಿ ಮೊಟ್ಟೆಯೊಡೆದು ಬಂದ ಮರಿಗಳು. ತಾಯಿಯ ಮುಖ ಕಂಡವಲ್ಲ. ಬಲ್ಬು ಹಚ್ಚಿ ಬೆಚ್ಚಗಿಡಬೇಕೆಂದು ಹೇಳಿಕಳಿಸಿದ್ದರಂತೆ. ದಾಕ್ಷಾಯಣಿ ಬಲ್ಬು ಹಚ್ಚಿದಳು. ಮನೆಯಲ್ಲಿದ್ದ ಅತಿ ದೊಡ್ಡ ಎಲ್‌ಇಡಿ ಬಲ್ಬು! ಗೂಡಿನಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡ ನನಗೆ ನಗು ಬಂತು, ಆಮೇಲೆ ಸಂಕಟವಾಯಿತು. ಅದು ಜನವರಿಯ ಚಳಿ. ಮರಿಗಳು ಮದುವೆ ಮನೆಯಂಥ ಬೆಳಕಿನಲ್ಲಿ ನಿಂತು ಗಡಗಡ ನಡುಗುತ್ತಿದ್ದವು, ಬೆಳಗಿನತನಕ ಅತ್ತವು.

ಮರುದಿನ ದಾಕ್ಷಾಯಣಿ ಸಂಘದ ಸಭೆಗೆ ಹೋದಳು, ಮುರಿಗೆಪ್ಪ ನೂಲು ತರಲು ಹೋದ. ಮನೆಯಲ್ಲಿ ಉಳಿದದ್ದು ಸಾವಂತ್ರೆವ್ವ ಮತ್ತು ಮರಿಗಳ ಅಳು. ಮೊದಮೊದಲು ಅವಳು ಅತ್ತ ತಿರುಗಲಿಲ್ಲ. ಆದರೆ ಅಳುವ ದನಿ ಕೇಳಿ ಸುಮ್ಮನೆ ಕೂರುವುದು ಅವಳ ಜಾಯಮಾನವಲ್ಲ. ಪೆಟ್ಟಿಗೆಯ ಹತ್ತಿರ ಬಂದು, ಹಸಿವೆಯ ಅಳುವಲ್ಲ, ಹೊಟ್ಟೆನೋವಿನ ಅಳುವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ನಿದ್ದೆ ಬರದ ಕೂಸಿಗೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ.

ಅವಳು ನೀರು ಕಾಸಿದಳು. ಎಣ್ಣೆ ಬಾಟಲಿಯ ಬಿರಡೆ ತೆಗೆದಳು. ಮಣೆ ಹಾಕಿ, ಕಾಲು ನೀಡಿ ಕೂತು, ಮರಿಗಳನ್ನು ಒಂದೊಂದಾಗಿ ಕಾಲ ಮೇಲೆ ಮಲಗಿಸಿಕೊಂಡು ನೆತ್ತಿಗೆ ಎಣ್ಣೆ ಒತ್ತಿ, ಕಡಲೆಹಿಟ್ಟು ಹಚ್ಚಿ ಎರೆದಳು. ಕೊಕ್ಕನ್ನೂ ಎರಡು ಸಲ ತೀಡಿದಳಂತೆ. ಹಳೆಯ ಸೀರೆಯಿಂದ ಒರೆಸಿ, ಲೋಬಾನದ ಹೊಗೆ ತೋರಿಸಿ, ದೃಷ್ಟಿಯಾಗದಿರಲೆಂದು ಒಂದೊಂದರ ತಲೆಗೂ ಕಾಡಿಗೆಯ ಬೊಟ್ಟು ಇಟ್ಟಳು. ಮೊರದಲ್ಲಿ ಸಾಲಾಗಿ ಮಲಗಿಸಿ ಧೋತರದ ತುಂಡು ಹೊದಿಸಿದಳು. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಮರಿಗಳೂ ಸುಮ್ಮನಾದವು. ವರ್ಷದಿಂದ ಕೇಳದಿದ್ದ ಜೋಗುಳ ಆ ಮನೆಯಲ್ಲಿ ಅಂದು ಕೇಳಿಸಿತು.

ದಾಕ್ಷಾಯಣಿ ಮರಳಿ ಬಂದಾಗ ಮುದುಕಿ ಹೆಮ್ಮೆಯಿಂದ, ನೋಡು, ಹೇಗೆ ಮಲಗಿದ್ದಾವೆ ಎಂದಳು. ದಾಕ್ಷಾಯಣಿ ಬಟ್ಟೆ ಸರಿಸಿದಳು. ಮರಿಗಳು ಕಾಲು ಚಾಚಿ, ಕಣ್ಣು ಮುಚ್ಚಿ, ಒದ್ದೆ ಬತ್ತಿಗಳ ಹಾಗೆ ಬಿದ್ದಿದ್ದವು. ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ಮಾಬೂಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅವಳ ಮನೆಯಲ್ಲಿ ಮೊದಲಿನಿಂದಲೂ ಕೋಳಿ ಇದ್ದವು. ಒಂದು ಮರಿಯನ್ನೆತ್ತಿ ಎದೆಗೆ ಬೆರಳಿಟ್ಟು ನೋಡಿ, "ಜೀವ ಅದಾವು. ಕಾವು ಬೇಕು, ಲಗೂನ" ಎಂದಳು.

ಎಲ್‌ಇಡಿಯನ್ನು ಹತ್ತಿರ ಹಿಡಿದರು. ಮಾಬೂಬಿ ಅದರ ಕೆಳಗೆ ಅಂಗೈ ಒಡ್ಡಿ ತಲೆಯಾಡಿಸಿದಳು. ಅದರಲ್ಲಿ ಬೆಳಕಿತ್ತು, ಬಿಸಿ ಇರಲಿಲ್ಲ. ಮನೆಯಲ್ಲಿ ಗ್ಯಾಸಿನ ಒಲೆ. ಒಂದು ಹಿಡಿ ಕೆಂಡವೂ ಇಲ್ಲ. ಅಷ್ಟರಲ್ಲಿ ನೂಲಿನ ಗಂಟು ಹೊತ್ತು ಬಂದ ಮುರಿಗೆಪ್ಪನಿಗೆ ಸಂಗತಿ ತಿಳಿಯಿತು. ಗಂಟನ್ನು ಅಲ್ಲೇ ಕೆಡವಿ ಸೀದಾ ಗೂಡಿಗೆ ಬಂದು ನನ್ನ ಖಣದ ಹೊದಿಕೆ ಬಿಚ್ಚಿದ.

ನಿಜ ಹೇಳಬೇಕೆಂದರೆ ನಾನು ಹೆದರಿದ್ದೆ. ಬಹಳ ದಿನ ಆರಿ ಮಲಗಿದ್ದ ಬಲ್ಬು ಒಮ್ಮೆಲೇ ಹೊತ್ತಿದರೆ ತಂತಿ ಕಡಿದುಹೋಗುವುದುಂಟು. ಮುರಿಗೆಪ್ಪ ಮಗ್ಗದ ಮೇಲಿನ ಹೋಲ್ಡರಿಗೆ ನನ್ನನ್ನು ತಿರುವಿ, ವೈರು ಜಗ್ಗಿ ಕುಣಿಯೊಳಗೆ ಇಳಿಬಿಟ್ಟ. ಕುಣಿಯ ತಳಕ್ಕೆ ಗೋಣಿ ಹಾಸಿ ಮರಿಗಳನ್ನು ಮಲಗಿಸಿದರು. ಅವನು ಸ್ವಿಚ್ಚಿನ ಗುಂಡಿಗೆ ಕೈ ಚಾಚಿದ. ತಂತಿಯೇ, ಈ ಒಂದು ಸಲ ಮರ್ಯಾದೆ ಉಳಿಸು ಎಂದುಕೊಂಡೆ. ಗುಂಡಿ ಒತ್ತಿದ. ಒಳಗೆಲ್ಲ ಜುಮ್ಮೆಂದಿತು, ನಾನು ಹೊತ್ತಿದೆ.

ಜೀವಮಾನದಲ್ಲಿ ಮೊದಲ ಬಾರಿಗೆ ನಾನು ನೆಲದ ಕೆಳಗಿದ್ದೆ. ಜನರ ಮುಖಗಳನ್ನು ಕೆಳಗಿನಿಂದ ನೋಡಿದೆ. ಕುಣಿಯ ಅಂಚಿನಲ್ಲಿ ಮೂರು ಮುಖಗಳು ಬಾಗಿದ್ದವು. ಯಾರೂ ನನ್ನ ಬೆಳಕನ್ನು ಕೇಳುತ್ತಿರಲಿಲ್ಲ. ಎಲ್ಲರೂ ಬಿಸಿಯಾಗು, ಬಿಸಿಯಾಗು ಎನ್ನುತ್ತಿದ್ದರು. ಯಾವುದಕ್ಕೆ ನನ್ನನ್ನು ಬೈಯುತ್ತಿದ್ದರೋ ಅದನ್ನೇ ಬೇಡುತ್ತಿದ್ದರು. ನಾನು ಇದ್ದಬದ್ದ ಕಾವನ್ನೆಲ್ಲ ಸುರಿದೆ. ಗೋಣಿಯ ಮೇಲಿದ್ದ ಮರಿಗಳ ಒದ್ದೆ ರೋಮಗಳು ಒಂದೊಂದಾಗಿ ಬಿಡಿಸಿಕೊಂಡವು. ಒಂದು ಮರಿಯ ಕಾಲು ಅಲುಗಿತು. ಇನ್ನೊಂದು ಕಣ್ಣು ಬಿಟ್ಟಿತು. ಮೂರನೆಯದು ಎದ್ದು ನಿಂತು, ಮುಗ್ಗರಿಸಿ, ತಲೆಯ ಮೇಲಿನ ಕಾಡಿಗೆ ಬೊಟ್ಟಿನ ಸಮೇತ ನನ್ನ ಕಡೆಗೇ ನಡೆದು ಬಂತು.

ಎರಡು ಮರಿಗಳು ಏಳಲಿಲ್ಲ. ಅವನ್ನು ಮಾಬೂಬಿ ಬಟ್ಟೆಯಲ್ಲಿ ಸುತ್ತಿ ಒಯ್ದಳು. ಎಲ್ಲಕ್ಕಿಂತ ತಡವಾಗಿ ಎದ್ದದ್ದು ಒಂದು ಕೆಂಚು ಮರಿ. ಅದರ ಎಡಗಾಲಿನ ಬೆರಳೊಂದು ಡೊಂಕಾಗಿತ್ತು. ಉಳಿದವೆಲ್ಲ ನುಚ್ಚು ಹೆಕ್ಕುತ್ತಿದ್ದರೂ ಅದು ಮಾತ್ರ ಸಂಜೆಯವರೆಗೂ ನನ್ನ ಕೆಳಗೇ ಬಿದ್ದಿತ್ತು, ಆಮೇಲೆ ಒಮ್ಮೆಲೇ ತಲೆಯೆತ್ತಿ ಸಿಟ್ಟಿನಿಂದ ಚಿಂವ್ ಎಂದಿತು. ದಾಕ್ಷಾಯಣಿ ಅದಕ್ಕೆ ಡೊಂಕಿ ಎಂದು ಹೆಸರಿಟ್ಟಳು.

ಸಾವಂತ್ರೆವ್ವ ಈ ಯಾವುದನ್ನೂ ನೋಡಲಿಲ್ಲ. ಅವಳು ಹೊರಗೆ ಕಟ್ಟೆಯ ಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತಿದ್ದಳು. ಉಳಿದ ಮರಿಗಳೆಲ್ಲ ಚೆನ್ನಾಗಿವೆ, ಒಳಗೆ ಬಾ ಎಂದು ಮಗ ಕರೆದ. ಅವಳ ದನಿ ನನಗೆ ಕುಣಿಯೊಳಗಿಂದ ಕೇಳಿಸಿತು.

"ಎರದೆ, ಕಾಸಲಿಲ್ಲ. ಮಂದಿಗೆಲ್ಲ ಹೇಳಿ ಹೇಳಿ ನಾನ ಮರತೆ. ನನ್ನ ಕೈಗುಣ ಹೋತಪಾ. ಇನ್ನ ಈ ಕೈಲೆ ಯಾವ ಜೀವಾನೂ ಮುಟ್ಟೂದಿಲ್ಲ."

ಆ ರಾತ್ರಿ ಅವಳು ಊಟ ಮಾಡಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂಲೆ ಸೇರಿದವರ ಸಂಕಟ ಏನೆಂದು ನನಗೆ ಗೊತ್ತಿತ್ತು.

ಮರುದಿನದಿಂದ ಮರಿಗಳ ಭಾರವೆಲ್ಲ ದಾಕ್ಷಾಯಣಿಯ ಮೇಲೆ ಬಿತ್ತು. ಪಾಪ, ಅವಳಿಗೂ ಇದು ಹೊಸತು. ನೀರಿನ ತಟ್ಟೆ ಇಟ್ಟರೆ ಮರಿಗಳು ಅದರಲ್ಲೇ ನಿಂತು ಕಾಲು ತೊಳೆದುಕೊಂಡವು. ನುಚ್ಚು ಹಾಕಿದರೆ ಅದರ ಮೇಲೆ ಮಲಗಿದವು. ನಿನ್ನೆಯ ಭಯಕ್ಕೆ ಅವಳು ನನ್ನನ್ನು ಇನ್ನಷ್ಟು ಕೆಳಗಿಳಿಸಿದ್ದಳು. ಮಧ್ಯಾಹ್ನ ಓಣಿಯ ಕರೆಂಟಿನ ಮಗ್ಗಗಳೆಲ್ಲ ಊಟಕ್ಕೆ ನಿಂತಾಗ ನಮ್ಮ ಬಡಕಲು ಕರೆಂಟಿಗೆ ಜೀವ ಬರುತ್ತದೆ, ನಾನು ಕೆಂಡವಾದೆ. ಮರಿಗಳು ನನ್ನಿಂದ ದೂರ ಓಡಿ ಕುಣಿಯ ಗೋಡೆಗೆ ಅಂಟಿ ಬಾಯಿ ಬಿಡತೊಡಗಿದವು. ದಾಕ್ಷಾಯಣಿ ಅದನ್ನು ನೋಡಿ, ಎಷ್ಟು ಚಂದ ಆಡುತ್ತಿವೆ ಎಂದು ಖುಷಿಪಟ್ಟಳು. ನನ್ನ ಸಂಕಟ ಯಾರಿಗೆ ಹೇಳಲಿ? ಕಾಯುವುದು ಗೊತ್ತು, ಕಡಿಮೆ ಕಾಯುವುದು ನನ್ನ ಕೈಯಲ್ಲಿಲ್ಲ.

ನೀರಿಗೆಂದು ಒಳಗೆ ಬಂದ ಸಾವಂತ್ರೆವ್ವ ಬಾಗಿಲಲ್ಲೇ ನಿಂತಳು. ಮರಿಗಳ ಅಳುವ ದನಿ ಅವಳನ್ನು ಹಿಡಿದು ನಿಲ್ಲಿಸಿತ್ತು. ಹೋಗಲಾರದೆ, ಬರಲಾರದೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ಕುಣಿಯ ಅಂಚಿಗೆ ಬಂದು ಕೂತಳು. ಕೈ ಮುಂದೆ ಮಾಡಲಿಲ್ಲ. ಸೆರಗು ಸರಿಸಿ ಮೊಣಕೈ ಮಾತ್ರ ನನ್ನ ಕೆಳಗೆ ಚಾಚಿದಳು. ಕೂಸಿನ ನೀರಿನ ಹದವನ್ನು ಅವಳು ಜೀವಮಾನವೆಲ್ಲ ನೋಡಿದ್ದು ಮೊಣಕೈಯಿಂದಲೇ.

"ಇದು ಸುಡುನೀರು," ಎಂದಳು. "ಮ್ಯಾಲೆತ್ತು."

ದಾಕ್ಷಾಯಣಿ ವೈರು ಜಗ್ಗಿದಳು. ಇನ್ನೂ ಎತ್ತು, ಇನ್ನೂ ಒಂದು ಬೆರಳು, ಸಾಕು, ಸ್ವಲ್ಪ ಇಳಿಸು ಎಂದು ಮುದುಕಿ ಹೇಳುತ್ತ ಹೋದಳು. ಒಂದು ಹದಕ್ಕೆ ಬಂದಾಗ ಮರಿಗಳು ಗೋಡೆ ಬಿಟ್ಟು ಬಂದು, ಕುಣಿಯ ತುಂಬ ಹರಡಿಕೊಂಡು, ಅಲ್ಲಲ್ಲೇ ಕತ್ತು ಚೆಲ್ಲಿ ಮಲಗಿದವು. ಇದು ನಿಜವಾದ ನಿದ್ದೆ. ಅಲ್ಲಿಂದ ಮುಂದೆ ನನ್ನನ್ನು ಏರಿಸುವುದು ಇಳಿಸುವುದು ಅವಳ ಮೊಣಕೈಯ ಅಪ್ಪಣೆಯಿಲ್ಲದೆ ನಡೆಯಲಿಲ್ಲ. ಆದರೆ ಮರಿಗಳನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ.

ಅದಾದ ಒಂದೆರಡು ದಿನಕ್ಕೆ ಕೆಲವು ಮರಿಗಳ ಹಿಂಭಾಗಕ್ಕೆ ಹಿಕ್ಕೆ ಅಂಟಿ ಗಟ್ಟಿಯಾಯಿತು. ಹಾಗೇ ಬಿಟ್ಟರೆ ದಾರಿ ಕಟ್ಟಿ ಮರಿ ಸಾಯುತ್ತದೆಂದು ಮಾಬೂಬಿ ಎಚ್ಚರಿಸಿದಳು. ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆಯ ತುದಿ ಅದ್ದಿ, ಅಷ್ಟು ಜಾಗ ಮಾತ್ರ ಒರೆಸಿ, ಕೂಡಲೇ ಬಲ್ಬಿನ ಕೆಳಗೆ ಬಿಡಬೇಕೆಂದಳು. ದಾಕ್ಷಾಯಣಿ ಡೊಂಕಿಯನ್ನು ಅಂಗೈಯಲ್ಲಿ ಹಿಡಿದು ಅತ್ತೆಯ ಹತ್ತಿರ ಹೋದಳು.

"ಅತ್ತೀ, ನನಗ ಇದು ಬರೂದಿಲ್ಲರಿ. ಕೈ ನಡುಗತಾವು. ನೀವ ಹಿಡೀರಿ."

ಮುದುಕಿ ಬೇಡವೆಂದು ತಲೆಯಾಡಿಸಿದಳು. ಸೊಸೆ ಅಲ್ಲಿಂದ ಕದಲಲಿಲ್ಲ. ಮರಿ ಒಂದೇ ಸಮನೆ ಅಳುತ್ತಿತ್ತು. ಕಡೆಗೆ ಸೆರಗಿನೊಳಗಿಂದ ಆ ಎರಡು ಕೈ ಹೊರಬಂದವು. ಸಾವಂತ್ರೆವ್ವ ಬಟ್ಟೆಯ ತುದಿ ಅದ್ದಿ, ಹಿಂಡಿ, ಉಸಿರು ಬಿಗಿಹಿಡಿದು ಒರೆಸಿದಳು. ಎಳೆಗೂಸಿನ ಮೈ ಒರೆಸಿದ ಆ ಬೆರಳುಗಳಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ. ಮುಗಿಸಿ ನನ್ನ ಕೆಳಗೆ ತಂದು ಬಿಟ್ಟಳು. ಈ ಸಲ ಅಲ್ಲೇ ಕೂತು, ಅದು ಒಣಗಿ ನುಚ್ಚಿಗೆ ಓಡುವವರೆಗೂ ಕಾದಳು. ಆಮೇಲೆ ಕಣ್ಣೊರೆಸಿಕೊಂಡು, ಇನ್ನೊಂದು ಕೊಡು ಎಂದಳು.

ಅಂದು ಬೆಳಗ್ಗೆಯೇ ದಾಕ್ಷಾಯಣಿ ಇನ್ನೊಂದು ಮರಿಯನ್ನು ಒಬ್ಬಳೇ ಕೂತು ಚೆನ್ನಾಗಿ ಒರೆಸಿದ್ದಳು. ಅವಳ ಕೈ ಒಂದಿಷ್ಟೂ ನಡುಗಿರಲಿಲ್ಲ. ಅದನ್ನು ಕಂಡದ್ದು ನಾನೊಬ್ಬನೇ. ನನಗೆ ಬಾಯಿಲ್ಲ, ಇದ್ದಿದ್ದರೂ ಹೇಳುತ್ತಿರಲಿಲ್ಲ.

ಆಮೇಲಿನ ದಿನಗಳು ನನ್ನ ಜೀವನದ ಹಬ್ಬದ ದಿನಗಳು. ಸಾವಂತ್ರೆವ್ವ ಬೆರಳನ್ನು ನೀರಿಗದ್ದಿ ಕೊಕ್ಕಿಗೆ ಮುಟ್ಟಿಸಿ ಕುಡಿಯುವುದನ್ನು ಕಲಿಸಿದಳು. ತಟ್ಟೆಯ ನಡುವೆ ಕಲ್ಲುಗಳನ್ನಿಟ್ಟು ಸ್ನಾನದ ಚಟ ಬಿಡಿಸಿದಳು. ಬಿಸಿಯಾರಿದ ನೀರಿಗೆ ಚೂರು ಬೆಲ್ಲ ಕದಡಿ ಕೊಟ್ಟಳು. ಉಗುರಿನಿಂದ ಗೋಣಿಯ ಮೇಲೆ ಟಕ್ ಟಕ್ ಎಂದು ಕುಟ್ಟಿ, ಹೆಕ್ಕುವುದು ಹೀಗೆ ಎಂದು ತೋರಿಸಿದಳು. ಕೊನೆಕೊನೆಗೆ ಆ ಸದ್ದು ಕೇಳಿದರೆ ಸಾಕು, ಮರಿಗಳು ಬಿದ್ದಂಬೀಳ ಓಡಿ ಬರುತ್ತಿದ್ದವು. ಮಗ್ಗ ನಿಂತಿದೆ ಎಂದು ಮೊದಮೊದಲು ಮುಖ ಗಂಟಿಕ್ಕಿದ್ದ ಮುರಿಗೆಪ್ಪನೂ ಕುಣಿಯ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಯಾರಿಲ್ಲದಾಗ ಅವುಗಳೊಡನೆ ಮಾತಾಡುತ್ತಿದ್ದ. ಹೆಂಡತಿ ಬಂದರೆ ಕೆಮ್ಮಿ, ಕಡಿದ ಎಳೆ ಹುಡುಕುವವನಂತೆ ನಟಿಸುತ್ತಿದ್ದ.

ಒಂದು ಸಂಜೆ ಕರೆಂಟು ಹೋಯಿತು. ನಾನು ಆರಿದೆ. ಮರಿಗಳು ನನ್ನ ಕೆಳಗೆ ಒಂದರ ಮೇಲೊಂದು ಬಿದ್ದು ಕೂಗತೊಡಗಿದವು. ನನ್ನ ಗಾಜು ತಣ್ಣಗಾಗುತ್ತ ಹೋದ ಹಾಗೆ ನನಗೆ ಬಂದ ದುಃಖ ಅಷ್ಟಿಷ್ಟಲ್ಲ. ಸಾವಂತ್ರೆವ್ವ ಗಾಬರಿಯಾಗಲಿಲ್ಲ. ತಾಮ್ರದ ಚೊಂಬಿನಲ್ಲಿ ಬಿಸಿನೀರು ತುಂಬಿ, ಬಾಯಿಗೆ ಬಿಗಿಯಾಗಿ ಮುಚ್ಚಳ ಹಾಕಿ, ಉಣ್ಣೆಯ ಚೂರಿನಲ್ಲಿ ಸುತ್ತಿ ಕುಣಿಯ ನಡುವೆ ಇಟ್ಟಳು. ಮರಿಗಳೆಲ್ಲ ನನ್ನನ್ನು ಮರೆತು ಆ ಚೊಂಬನ್ನು ತಬ್ಬಿಕೊಂಡವು. ಒಂದು ಚೊಂಬಿನ ಮೇಲೆ ಅಷ್ಟೊಂದು ಅಸೂಯೆ ಪಟ್ಟಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಕರೆಂಟು ಬಂದೊಡನೆ ನಾನು ಬೇಕೆಂದೇ ಜೋರಾಗಿ ಹೊತ್ತಿದೆ ಅನ್ನಿ.

ಮರಿಗಳಿಗೆ ರೆಕ್ಕೆ ಬಲಿಯಿತು. ಒಂದು ಮುಂಜಾನೆ ಡೊಂಕಿ ಕುಣಿಯಿಂದ ಹಾರಿ, ಅರ್ಧ ನೇಯ್ದು ನಿಂತಿದ್ದ ಕಡುಗೆಂಪು ಖಣದ ಮೇಲೆ ಕೂತು, ತನ್ನ ಗುರುತನ್ನೂ ಅಲ್ಲೇ ಬಿಟ್ಟಿತು. ಮುರಿಗೆಪ್ಪನ ಸಹನೆಗೆ ಅದೇ ಕೊನೆ. ಅಂದೇ ಹಿತ್ತಿಲಲ್ಲಿ ಜಾಲರಿ ಬಡಿದು ಗೂಡು ಮಾಡಿದ. ಮರಿಗಳು ಬಿಸಿಲಿಗೆ ಹೋದವು, ಅವನ ಕಾಲು ಕುಣಿಗೆ ಇಳಿಯಿತು, ನಾನು ಆರಿದೆ. ಮತ್ತೆ ಗೂಡು ಸೇರುವುದೇ ನನ್ನ ಹಣೆಬರಹವೆಂದುಕೊಂಡೆ.

ಆದರೆ ಸಂಘದ ಬೇರೆ ಮನೆಗಳಲ್ಲಿ ಮರಿಗಳು ಉಳಿದಿರಲಿಲ್ಲ. ಅವರೂ ಬಿಳಿ ಬಲ್ಬನ್ನೇ ಹಚ್ಚಿದ್ದರು. ಮರುಸಲ ಮರಿ ಹಂಚಿದಾಗ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಬಾಗಿಲಿಗೆ ಬಂದರು. ಮೊದಲು ಬಂದವಳು ಹೋದ ವರ್ಷ ತನ್ನ ಕೂಸಿಗೆ ಎರೆಯಲು ಬೇಡ ಎಂದಿದ್ದ ಮೂಲೆಮನೆಯ ಕಮಲವ್ವ. ಅವಳು ಕಟ್ಟೆಯ ಕೆಳಗೆ ನಿಂತು, ಒಂದು ಸಲ ಬಂದು ನೋಡಿ ಹೋಗಬೇಕೆಂದು ಕೇಳಿಕೊಂಡಳು. ಸಾವಂತ್ರೆವ್ವ ಹಳೆಯದನ್ನು ಎತ್ತಲಿಲ್ಲ. ನನ್ನನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಹೊರಟಳು. ದಾರಿಯಲ್ಲಿ ಯಾರೋ, ಆಯಿ, ಬಹಳ ದಿನದ ಮೇಲೆ ಯಾರ ಮನೆಗೆ ಎರೆಯಲು ಹೊರಟೆ ಎಂದು ಕೇಳಿದರು.

"ಎರಿಯಾಕಲ್ಲ," ಎಂದಳು ಅವಳು, ನಡಿಗೆ ನಿಲ್ಲಿಸದೆ. "ಕಾಸಾಕ."

ಹಾಗೆ ನಾವಿಬ್ಬರೂ ಎಷ್ಟೋ ಮನೆ ತಿರುಗಿದೆವು. ಅವಳ ಮೊಣಕೈ, ನನ್ನ ಕಾವು. ಕಮಲವ್ವ ಮರಿಗಳ ಜೊತೆಗೆ ತನ್ನ ಅಂಬೆಗಾಲಿಡುವ ಮಗನನ್ನೂ ಅವಳ ಮಡಿಲಲ್ಲಿ ಕೂರಿಸಿದಳು. ಸಾವಂತ್ರೆವ್ವ ಅವನ ಮೂಗನ್ನು ಬಹಳ ಹೊತ್ತು ನೋಡಿದಳು, ತೀಡಲಿಲ್ಲ. ಸುಮ್ಮನೆ ಬೆನ್ನು ಸವರಿದಳು.

ನನ್ನ ಅಂತ್ಯ ಬಂದದ್ದು ಊರಿನ ಉದ್ಧಾರದ ದಿನ. ಓಣಿಗೆ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿದರು. ಎಲ್ಲರ ಮನೆಯ ಫ್ಯಾನೂ ಗಿರ್ರೆಂದು ತಿರುಗಿತು. ಜೀವಮಾನವೆಲ್ಲ ಅರೆಹೊಟ್ಟೆ ಉಂಡ ನನಗೆ ಒಮ್ಮೆಲೇ ಹೋಳಿಗೆ ಊಟ ಬಡಿಸಿದಂತಾಯಿತು. ಆಗ ನಮ್ಮ ಮನೆಯಲ್ಲೇ ಮೂರನೆಯ ತಂಡದ ಮರಿಗಳಿದ್ದವು. ಅವಕ್ಕೂ ರೆಕ್ಕೆ ಮೂಡಿತ್ತು. ನಾನು ಎಂದೂ ಹೊತ್ತದಷ್ಟು ಬೆಳ್ಳಗೆ ಹೊತ್ತಿದೆ. ಆ ಎಲ್‌ಇಡಿಯೂ ನಾಚಬೇಕು, ಅಷ್ಟು ಬೆಳ್ಳಗೆ. ಮರುಗಳಿಗೆಯೇ ಒಳಗೆ ಟಿಣ್ ಎಂದಿತು. ಮುರಿಗೆಪ್ಪ ನನ್ನನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಹೋಯಿತು ಎಂದ. ಕಸದ ಬುಟ್ಟಿಯ ಕಡೆಗೆ ಹೋಗುತ್ತಿದ್ದ ಅವನ ಕೈಯಿಂದ ತಾಯಿ ನನ್ನನ್ನು ಕಿತ್ತುಕೊಂಡಳು.

ಅಷ್ಟು ಹೊತ್ತಿಗೆ ಮೊದಲ ತಂಡದ ಮರಿಗಳು ಕೋಳಿಗಳಾಗಿ ಮೊಟ್ಟೆ ಇಡತೊಡಗಿದ್ದವು. ಆದರೆ ಕಂಡಕಂಡಲ್ಲಿ ಇಡುತ್ತಿದ್ದವು. ನೂಲಿನ ಗಂಟಿನಲ್ಲಿ ಒಂದು, ಮಾಬೂಬಿಯ ಹಿತ್ತಿಲಲ್ಲಿ ಎರಡು. ಬುಟ್ಟಿಗೆ ಹುಲ್ಲು ಹಾಸಿ ಮೊಟ್ಟೆಯಂಥದ್ದೇನಾದರೂ ಇಟ್ಟರೆ ಅಲ್ಲೇ ಬಂದು ಇಡುತ್ತವೆ ಎಂದು ಮಾಬೂಬಿ ಉಪಾಯ ಹೇಳಿದಳು. ಸಾವಂತ್ರೆವ್ವ ನನ್ನನ್ನು ತೊಳೆದು ಒರೆಸಿ, ಟೊಪ್ಪಿಗೆಯನ್ನು ಹುಲ್ಲಿನಲ್ಲಿ ಹುದುಗಿಸಿ, ಹೊಟ್ಟೆ ಮಾತ್ರ ಕಾಣುವಂತೆ ಇಟ್ಟಳು. ಅವತ್ತಿನಿಂದ ನಾನು ಮೊಟ್ಟೆ. ಕೋಳಿಗಳು ಬಂದು, ನನ್ನನ್ನು ನೋಡಿ, ಇದೇ ಜಾಗವೆಂದು ನಂಬಿ ಕೂರುತ್ತವೆ. ಅವು ಇಟ್ಟದ್ದನ್ನು ಮನೆಯವರು ತೆಗೆದುಕೊಂಡು ಹೋಗುತ್ತಾರೆ, ನಾನು ಉಳಿಯುತ್ತೇನೆ.

ಮೊನ್ನೆಯಿಂದ ಡೊಂಕಿಗೆ ಕಾವು ಹತ್ತಿದೆ. ಕೆಂಪನೆಯ ದೊಡ್ಡ ಕೋಳಿಯಾಗಿದ್ದಾಳೆ ಈಗ. ಮೈಯೆಲ್ಲ ಉಬ್ಬಿಸಿಕೊಂಡು ಬಂದು ನನ್ನ ಮೇಲೆ ಕೂತವಳು ಏಳುತ್ತಿಲ್ಲ. ಆಗಾಗ ಕೊಕ್ಕಿನಿಂದ ನನ್ನನ್ನು ಮೆಲ್ಲಗೆ ಹೊರಳಿಸಿ, ಎದೆಯ ಕೆಳಗೆ ಇನ್ನಷ್ಟು ಎಳೆದುಕೊಳ್ಳುತ್ತಾಳೆ. ನನ್ನ ಗಾಜು ಬೆಚ್ಚಗಾಗಿದೆ. ಇಷ್ಟು ವರ್ಷ ಎಷ್ಟೋ ಜನರ ನೆತ್ತಿ ಸುಟ್ಟೆ, ಎಷ್ಟೋ ಮರಿಗಳನ್ನು ಕಾಸಿದೆ. ನನ್ನನ್ನು ಯಾರಾದರೂ ಕಾಸಿಯಾರು ಎಂದು ಎಂದೂ ಅಂದುಕೊಂಡಿರಲಿಲ್ಲ. ಒಳಗಿನ ತಂತಿ ಕಡಿದು ಎರಡಾಗಿದೆ, ಆದರೂ ಸುಖವಾಗಿದೆ.

ಇವತ್ತು ಬೆಳಗ್ಗೆ ಸಾವಂತ್ರೆವ್ವ ಮಾಬೂಬಿಯ ಮನೆಯಿಂದ ಹುಂಜ ಕೂಡಿದ, ಮರಿಯಾಗುವಂಥ ಮೊಟ್ಟೆಗಳನ್ನು ಸೆರಗಿನಲ್ಲಿ ತಂದು ಬುಟ್ಟಿಯ ಮುಂದೆ ಕೂತಳು. ಡೊಂಕಿಯ ಹೊಟ್ಟೆಯ ಕೆಳಗೆ ಕೈ ತೂರಿಸಿ ಒಂದೊಂದೇ ಮೊಟ್ಟೆ ಇಟ್ಟಳು. ನನ್ನನ್ನು ಹೊರಗೆ ತೆಗೆಯಲು ಹೋದರೆ ಡೊಂಕಿ ಕುಟುಕಿ ಬಿಡಲೇ ಇಲ್ಲ. ಮುದುಕಿ ನಕ್ಕು, ಅದರ ಬೆನ್ನು ಸವರಿದಳು.

"ಇರಲಿ ಬಿಡವ್ವಾ, ಇಟಗೊ. ಆದರ ಅದರಾಗ ಮರಿ ಬರೂದಿಲ್ಲ. ಅದರ ಮರಿ ನೀನ."

ಹಾಗೆ ಹೇಳಿ, ಬುಟ್ಟಿಯ ಮೇಲೆ ಗಾಳಿ ಬೀಳದಂತೆ ಗೋಣಿ ಎಳೆದು, ಅವಳು ಕೆಲಸಕ್ಕೆ ಎದ್ದು ಹೋದಳು.